ಚಾದರ ಹಿಂಡುವ ಗತಿ

ನಾನು ಹೇಡಿ. ಇದನ್ನು ಮೊದಲೇ ಒಪ್ಪಿಕೊಂಡರೆ ರೋಸ್ವಿತಾಳ ಕಥೆ ಹೇಳುವುದು ಸುಲಭ. ವಿಯೆನ್ನಾದ ನಮ್ಮ ಸ್ಮಶಾನದ ಪ್ರಾರ್ಥನಾಮಂದಿರದಲ್ಲಿ ಹತ್ತೊಂಬತ್ತು ವರ್ಷ ಅವಳು ಪಿಟೀಲು ನುಡಿಸಿದಳು, ನಾನು ಪಿಯಾನೊ. ದಿನಕ್ಕೆ ಎಂಟು ಹೆಣ, ಎಂಟು ಸಲ ಅದೇ ದುಃಖ.

ಅವಳು ಟ್ರಾಮ್ ಕಂಡಕ್ಟರನ ಮಗಳು. ಸಂಗೀತ ಶಾಲೆಯ ಕೊನೆಯ ಪರೀಕ್ಷೆಗೆ ಪಿಟೀಲು, ಪಿಯಾನೊ ಎರಡಕ್ಕೂ ಬರೆದ ಒಂದು ಸೊನಾಟಾದ ಎರಡನೆಯ ಭಾಗ ಆರಿಸಿಕೊಂಡಳು. ಎ ಫ್ಲ್ಯಾಟ್ ಮೇಜರ್, ವಿಳಂಬ ಗತಿ. ಅವಳ ವಿಳಂಬ ಯಾರೂ ಕೇಳರಿಯದಷ್ಟು ವಿಳಂಬ. ಪರೀಕ್ಷಕರು ನಡುವೆಯೇ ತಡೆದರು.

"ಹೀಗೆ ನುಡಿಸಿದ್ರೆ ಕೇಳೋರು ನಿದ್ದೆ ಹೋಗ್ತಾರಮ್ಮಾ."

"ಹೋಗ್ಲಿ ಬಿಡಿ. ಎದ್ದು ಕೂತ್ಮೇಲೂ ಸಂಗೀತ ಇನ್ನೂ ಇರುತ್ತೆ."

ಫೇಲು ಮಾಡಿದರು. ಹಾಗಾಗಿ ಹೆಣಗಳ ಪಾಲಿಗೆ ಬಂದಳು.

ಆ ಗತಿಯನ್ನು ಅವಳು ಕಲಿತದ್ದು ಹುಡುಗಿಯಾಗಿದ್ದಾಗ, ತನ್ನ ಮನೆಯಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ. ಪಿಟೀಲಿನ ಸದ್ದಿಗೆ ಅಕ್ಕಪಕ್ಕದವರು ದೂರಿದಾಗ, ಕಟ್ಟಡ ನೋಡಿಕೊಳ್ಳುತ್ತಿದ್ದ ಫ್ರೌ ನವ್ರಾಟಿಲ್ ಎಂಬ ಹೆಂಗಸು ಬಟ್ಟೆ ಒಗೆಯುವ ಕೋಣೆಯ ಬೀಗದಕೈ ಕೊಟ್ಟಳಂತೆ. "ಆದ್ರೆ ನನ್ನ ಕೈಗೆ ಸರಿಯಾಗಿ ನುಡಿಸ್ಬೇಕು ಹುಡುಗಿ. ಚಾದರ ಹಿಂಡೋವಾಗ ಅವಸರ ಮಾಡಿದ್ರೆ ನೀರು ಒಳಗೇ ಉಳ್ಕೊಳ್ಳುತ್ತೆ." ಮೂವತ್ತು ವರ್ಷ ಅವಳು ಹಿಂಡಿದಳು, ಇವಳು ನುಡಿಸಿದಳು.

ಕಳೆದ ಫೆಬ್ರವರಿಯಲ್ಲಿ ಫ್ರೌ ನವ್ರಾಟಿಲ್ ಸತ್ತಳು. ಬಂಧುಬಳಗ ಇಲ್ಲದವರಿಗೆ ನಮ್ಮಲ್ಲಿ ಬೆಳಿಗ್ಗೆ ಎಂಟರ ಹೊತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಮೇಲ್ವಿಚಾರಕ ಹೆರ್ ಪಿಖ್ಲರ್ ಗಡಿಯಾರ ಹಿಡಿದೇ ಬಂದ.

"ಸಂಗೀತ ಆರು ನಿಮಿಷ. ಮೈನರ್‌ನಲ್ಲಿ ಏನಾದ್ರೂ ಅಳೋವಂಥದ್ದು ನುಡಿಸಿ."

"ಎರಡನೇ ಭಾಗ ನುಡಿಸ್ತೀನಿ, ಪೂರ್ತಿ," ಎಂದಳು ರೋಸ್ವಿತಾ.

"ಅದು ಮೇಜರ್. ಮದುವೆಮನೆಗೆ ಸರಿ."

"ಅವಳು ಯಾರ ಮುಂದೂ ಅತ್ತೋಳಲ್ಲ. ಈಗ ಅವಳ ಹೆಸರಲ್ಲಿ ನಾನ್ಯಾಕೆ ಅಳ್ಲಿ?"

"ಆರು ದಾಟಿದ್ರೆ ನಾಳೆಯಿಂದ ಬರ್ಬೇಡಿ." ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. "ಅದನ್ನ ಶುರು ಮಾಡೋದು ಪಿಯಾನೊ ಅಲ್ವಾ, ಹೆರ್ ಪೋಲ್ಡಿ? ಓಡ್ಸಿ. ನಿಮಗೂ ಮನೆ ಮಠ ಇದೆ."

ಓಡಿಸಿದೆ. ಮೊದಲ ಸಾಲು ಪಿಯಾನೊದ್ದೇ, ಪಿಟೀಲು ಆಮೇಲೆ ಸೇರಿಕೊಳ್ಳಬೇಕು. ಅವಳ ಜಾಗ ಬಂತು. ಅವಳು ಕಮಾನು ಎತ್ತಲಿಲ್ಲ. ಪಿಟೀಲನ್ನು ಕಂಕುಳಲ್ಲಿಟ್ಟುಕೊಂಡು ಶವಪೆಟ್ಟಿಗೆ ನೋಡುತ್ತ ನಿಂತಿದ್ದಳು. ನನ್ನ ಬೆರಳು ಒಂದಷ್ಟು ದೂರ ಒಂಟಿಯಾಗಿ ಹೋಗಿ ನಿಂತವು. ಬೆಂಚಿನ ಮೇಲಿದ್ದ, ಅವಳ ಕಟ್ಟಡದ ನಾಲ್ವರು ಬಾಡಿಗೆದಾರರು ಕತ್ತೆತ್ತಿ ನೋಡಿದರು.

"ಅವಳು ಇನ್ನೂ ಹಿಂಡ್ತಾ ಇದಾಳೆ, ಪೋಲ್ಡಿ," ಎಂದಳು, ಎಲ್ಲರಿಗೂ ಕೇಳುವಂತೆ. "ಮೊದ್ಲಿಂದ ಶುರು ಮಾಡು."

ಎರಡನೆಯ ಸಲ ಅವಳ ಗತಿಯಲ್ಲೇ ಶುರು ಮಾಡಿದೆ. ಹನ್ನೊಂದು ನಿಮಿಷ. ಆ ನಿಧಾನದಲ್ಲಿ ಮೇಜರ್ ನಗುವುದಿಲ್ಲ, ಅಳುವುದೂ ಇಲ್ಲ. ತಲೆ ತಗ್ಗಿಸದೆ ನಿಲ್ಲುತ್ತದೆ, ಅಷ್ಟೇ. ಬಾಗಿಲಲ್ಲಿ ಪಿಖ್ಲರ್ ಗಡಿಯಾರ ತೋರಿಸಿದ. ಅವನ ಹಿಂದೆ ಮುಂದಿನ ಹೆಣದವರು, ಒಬ್ಬ ಕಟುಕನ ಮನೆಯವರು, ಹಿಮದಲ್ಲಿ ಕಾಯುತ್ತಿದ್ದರು. ರೋಸ್ವಿತಾ ಅವನನ್ನೇ ನೋಡುತ್ತ, ಬಿಡಬಹುದಾಗಿದ್ದ ಪುನರಾವರ್ತನೆಯನ್ನೂ ಬಿಡದೆ ನುಡಿಸಿದಳು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಅವತ್ತೇ ಅವಳ ಕೆಲಸ ಹೋಯಿತು. ಅವಳು ಪಿಟೀಲನ್ನು ಪೆಟ್ಟಿಗೆಗೆ ಹಾಕಿ, ಕೈಗವಸು ತೊಟ್ಟು, ಬಾಗಿಲಲ್ಲಿ ನಿಂತಳು.

"ನಿಮ್ಮ ಸರದಿ ಬಂದಾಗ ಹೇಳಿ ಕಳ್ಸಿ, ಹೆರ್ ಪಿಖ್ಲರ್. ನಿಮಗೆ ಆರು ನಿಮಿಷದ್ದೇ ನುಡಿಸ್ತೀನಿ."

ಈಗ ಅವಳು ನೆಲಮಾಳಿಗೆಯಲ್ಲಿ ನುಡಿಸುತ್ತಾಳೆ. ಬಾಡಿಗೆದಾರರು ಒಗೆಯುವ ಬಟ್ಟೆ ಇಲ್ಲದಿದ್ದರೂ ಬುಟ್ಟಿ ಹಿಡಿದು ಇಳಿಯುತ್ತಾರಂತೆ. ಇಲ್ಲಿ ಅವಳ ಜಾಗಕ್ಕೆ ಚುರುಕು ಕೈಯ ಹೊಸಬಳು ಬಂದಿದ್ದಾಳೆ. ಆದರೆ ಹಿಮದಲ್ಲಿ ಕಾದಿದ್ದ ಕಟುಕನ ಹೆಂಡತಿ ಊರಿಗೆಲ್ಲ ಹೇಳಿದ್ದರಿಂದ, ಸತ್ತವರ ಮನೆಯವರು ಈಗ ಆ ಎರಡನೆಯ ಭಾಗವೇ ಬೇಕೆಂದು ಕೇಳುತ್ತಾರೆ. ಪಿಖ್ಲರ್ ಬಾಗಿಲಲ್ಲಿ ಗಡಿಯಾರ ಎತ್ತಿ ಹಿಡಿಯುತ್ತಾನೆ. ಹೊಸಬಳು ಕಮಾನು ಎತ್ತಿ ನನ್ನ ಕಡೆ ನೋಡುತ್ತಾಳೆ.

ಮೊದಲ ಸಾಲು ಪಿಯಾನೊದ್ದು. ನಾನು ಚಾದರ ಹಿಂಡತೊಡಗುತ್ತೇನೆ. ಇಬ್ಬರೂ ಕಾಯಲಿ.