ರೋಜಾಳ ಎರಡು ಫೋಟೊ

ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲೆ ಪುಷ್ಪಲತಾ ನಡೆಸುವ ತೂಕ ಇಳಿಸುವ ಕೇಂದ್ರವಿದೆ. ಆ ಕಡಿದಾದ ಮೆಟ್ಟಿಲು ಹತ್ತುವಷ್ಟರಲ್ಲೇ ಅರ್ಧ ತೂಕ ಇಳಿಯುತ್ತದೆ ಎಂದು ಕೆಳಗಿನ ಪಾನ್ ಅಂಗಡಿಯವರು ನಗುತ್ತಾರೆ. ಒಳಗೆ ಗೋಡೆಯ ತುಂಬ ಫೋಟೊಗಳು. ಎಡಕ್ಕೆ ದಪ್ಪ ಹೆಂಗಸು, ಬಲಕ್ಕೆ ಅದೇ ಹೆಂಗಸು ತೆಳ್ಳಗೆ. ಕೆಳಗೆ 'ಕೊಟ್ಟೂರಿನ ಗೃಹಿಣಿ', 'ಹಡಗಲಿಯ ಶಿಕ್ಷಕಿ', 'ಕೂಡ್ಲಿಗಿಯ ಬಾಣಂತಿ' ಎಂಬ ಬರಹ. ಹತ್ತಿರ ಹೋಗಿ ನೋಡುವ ವ್ಯವಧಾನ ಯಾರಿಗಿದೆ? ನೋಡಿದ್ದರೆ ಮೂವರ ಕೆನ್ನೆಯ ಮೇಲೂ ಒಂದೇ ಮಚ್ಚೆ ಇರುವುದು ಕಾಣುತ್ತಿತ್ತು. ಮೂವರೂ ಪುಷ್ಪಲತಾಳ ಒಡಹುಟ್ಟಿದ ತಂಗಿ ರೋಜಾ. ಅವಳಿಗೆ ಕೊಟ್ಟೂರಿನಲ್ಲಿ ಮನೆಯಿಲ್ಲ, ಹಡಗಲಿಯಲ್ಲಿ ಶಾಲೆಯಿಲ್ಲ, ಹೆತ್ತದ್ದಂತೂ ಇಲ್ಲವೇ ಇಲ್ಲ.

ರೋಜಾ ಚಿಗಟೇರಿಯ ಕುರಿಗಾರ ಎರ್ರೆಪ್ಪನ ಎರಡನೆಯ ಮಗಳು. ತಾಯಿ ಬೇಗ ತೀರಿಕೊಂಡಳು. ತಂಗಿಯ ಜಡೆ ಹೆಣೆದು, ತುತ್ತು ಮಾಡಿ ಬಾಯಿಗಿಟ್ಟು ಬೆಳೆಸಿದವಳು ಅಕ್ಕನೇ. ರೋಜಾ ಹುಟ್ಟಿದಾಗಿನಿಂದ ಗುಂಡಗಿದ್ದಳು. ಗುಂಡಗಿದ್ದುಕೊಂಡೇ ನೀರು ಹೊತ್ತಳು, ಹೊಲದ ಕಳೆ ತೆಗೆದಳು, ಬೀರಲಿಂಗೇಶನನ್ನು ಮದುವೆಯಾದಳು. ಆ ಗಂಡ ಯಾರದೋ ಮದುವೆಯೂಟದ ಪಂಕ್ತಿಯಲ್ಲಿ ಬಡಿಸುವವನನ್ನು ಕರೆದು, "ಈಕಿ ಎಲಿಗೆ ನೋಡ್ಕೊಂಡು ಹಾಕಪಾ, ಬೈಕಿನ ಟೈರು ನನ್ನವು," ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ರೋಜಾ ಕೂಡ ನಕ್ಕಳು. ನಗದಿದ್ದರೆ ಅದಕ್ಕೂ ಒಂದು ಮಾತು ಬರುತ್ತಿತ್ತು. ಆ ಬೇಸಿಗೆಯಲ್ಲೇ ಅವಳನ್ನು ಅಕ್ಕನ ಮನೆಗೆ ತಂದು ಬಿಟ್ಟು, "ಸಣ್ಣ ಆದ ಮ್ಯಾಲೆ ಫೋನ್ ಮಾಡು," ಎಂದು ಹೊರಟುಹೋದ. ಅವಳು ಸಣ್ಣಗಾಗಿ ಫೋನ್ ಮಾಡಿದಾಗ ಬೇರೆ ಹೆಂಗಸೊಬ್ಬಳು ಎತ್ತಿ, ಯಾರು ನೀವು ಎಂದು ಕೇಳಿದಳು.

ಅವಳನ್ನು ಸಣ್ಣ ಮಾಡಿದ್ದು ಅಕ್ಕನ ಡಬ್ಬಿಯ ಪುಡಿ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ನಡುವೆ ಬಿಸಿನೀರು. ತಲೆಗೂದಲು ಹಿಡಿ ಹಿಡಿಯಾಗಿ ಉದುರಿತು. ಎದ್ದು ನಿಂತರೆ ಕಣ್ಣು ಕತ್ತಲೆ. ಆದರೆ ಪ್ರತಿ ವರ್ಷ ಯುಗಾದಿಗೆ ಮುಂಚೆ ಪುಡಿ ಕಂಪನಿಯವರು ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ ನಡೆಸುವ ಸಮಾವೇಶದಲ್ಲಿ ರೋಜಾ ತನ್ನ ಹಳೆಯ ನೈಟಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಾಗ ಮಂಟಪವೆಲ್ಲ ಚಪ್ಪಾಳೆ ತಟ್ಟಿತು. ಪುಷ್ಪಲತಾಳಿಗೆ ಶಾಲು ಹೊದಿಸಿದರು. ಜನ್ಮದಲ್ಲಿ ಮೊದಲ ಸಲ ತನ್ನ ಮೈ ಯಾರಿಗೋ ಮರ್ಯಾದೆ ತಂದಿತೆಂದು ರೋಜಾ ವೇದಿಕೆಯ ಮೇಲೇ ಅತ್ತಳು.

ಊರಿಗೆ ಬಂದ ಮರುದಿನದಿಂದ ಅಕ್ಕ ಬೇರೆಯೇ ಅಕ್ಕನಾದಳು. "ಎಷ್ಟು ಸೊರಗೀಯೆ ನನ್ನವ್ವಾ, ಇನ್ನ ಸಾಕು, ಹೊಟ್ಟಿತುಂಬ ಉಣ್ಣು," ಎಂದು ಪಕ್ಕದಲ್ಲೇ ಕುಳಿತು ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದು ತುತ್ತು ಕೊಟ್ಟಳು. ಸಂಜೆಗೆ ಮಿರ್ಚಿ ಮಂಡಕ್ಕಿ, ಮಲಗುವ ಮುಂಚೆ ಸಕ್ಕರೆ ಹಾಕಿದ ಹಾಲು. ತಿಂಗಳುಗಟ್ಟಲೆ ಉಪವಾಸವಿದ್ದ ಹೊಟ್ಟೆ, ಹುಟ್ಟಿದಾಗಿನಿಂದ ಪ್ರೀತಿಗೆ ಬಾಯಿ ಬಿಟ್ಟ ಜೀವ. ಯಾವುದು ಬೇಡ ಅಂದೀತು? ಆಗಾಗ ಅಕ್ಕ ಹಿಂದಿನಿಂದ ಬಂದು ಸೊಂಟದ ಮೇಲೆ ಬೆನ್ನೆಲುಬಿನ ಪಕ್ಕ ಹೆಬ್ಬೆರಳೂರಿ ಒತ್ತಿ ನೋಡುತ್ತಿದ್ದಳು. ರೋಜಾ ಕಚಗುಳಿಯಾಗಿ ನಗುತ್ತಿದ್ದಳು.

ದೀಪಾವಳಿ ದಾಟುವಷ್ಟರಲ್ಲಿ ಹೋದ ತೂಕ ಬಂದು, ಮೇಲೆ ಇನ್ನಷ್ಟು ಬಂದಿರುತ್ತಿತ್ತು. ಆಗ ಹೋಳಿಗೆ ನಿಲ್ಲುತ್ತಿತ್ತು, ಬೈಗುಳ ಶುರುವಾಗುತ್ತಿತ್ತು. ಗಿರಾಕಿಗಳ ಮುಂದೆ ತಂಗಿಯ ತೋಳಿನ ಮಾಂಸವನ್ನು ಚಿಮುಟಿ ಹಿಡಿದು, "ನೋಡ್ರಿ, ನಾಲಿಗಿ ಹಿಡಿತದಾಗ ಇಲ್ಲಂದ್ರ ಹಿಂಗಾಗ್ತತಿ," ಎನ್ನುತ್ತಿದ್ದಳು ಪುಷ್ಪಲತಾ. ಆಮೇಲೆ ಗೋಡೆಗೆ ನಿಲ್ಲಿಸಿ, "ಹೊಟ್ಟಿ ಮುಂದ ಬಿಡು, ಮುಖ ಸಪ್ಪಗ ಮಾಡು," ಎಂದು ಎಡಗಡೆಯ ಫೋಟೊ. ಮುಖ ಸಪ್ಪಗೆ ಮಾಡಲು ರೋಜಾ ಕಷ್ಟಪಡಬೇಕಾಗಿರಲಿಲ್ಲ. ತಪ್ಪು ತನ್ನದೇ, ತನ್ನ ಹಾಳು ಬಾಯಿಯದೇ ಎಂದು ಅವಳು ನಂಬಿದ್ದಳು. ಮರುದಿನ ಮತ್ತೆ ಲೋಟ. ಹೀಗೆ ವರ್ಷಕ್ಕೊಮ್ಮೆ ಇಳಿದಳು, ವರ್ಷಕ್ಕೊಮ್ಮೆ ಏರಿದಳು.

ಮೂರನೆಯ ಸಲ ಇಳಿದ ಮೇಲೆ, ಸಮಾವೇಶ ಮುಗಿದ ವಾರದಲ್ಲೇ, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದಳು. ದಾವಣಗೆರೆಯ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು ಎಂದು ಆಪರೇಷನ್ ಮಾಡಿದರು. ವೈದ್ಯೆ ಇವಳ ಕಥೆಯನ್ನೆಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟು, "ದಪ್ಪ ಇರೋದಕ್ಕೆ ಔಷಧಿ ಇದೆಯಮ್ಮ. ಹೀಗೆ ಏರಿ ಇಳಿಯೋದನ್ನ ಮೊದಲು ನಿಲ್ಲಿಸು. ಹೃದಯ ಆಗಲೇ ತಾಳ ತಪ್ಪಿದೆ, ಇನ್ನೂ ಎಷ್ಟು ಸಲ ತಡೀತದೆ ಅಂತ ನಾನು ಹೇಳೋಕಾಗಲ್ಲ," ಎಂದರು. ರೋಜಾ ಸಾಯಲು ಹೆದರುವವಳೆಂದು ಅವಳಿಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೆದರಿದಳು, ಚೆನ್ನಾಗಿಯೇ ಹೆದರಿದಳು.

ಹೊಲಿಗೆ ಮಾಗುವವರೆಗೆ ಇರಲೆಂದು ಚಿಗಟೇರಿಗೆ ಹೋದಳು. ಬೇಸಿಗೆಯಲ್ಲಿ ಮೇವಿಲ್ಲದೆ ಎಲುಬು ಎದ್ದ ಟಗರುಗಳನ್ನು ಎರ್ರೆಪ್ಪ ಕೊಂಡು ತಂದಿದ್ದ. ಬಕ್ರೀದಿಗೆ ಕೊಬ್ಬಿಸಿ ಮಾರುವುದು ಅವನ ಹಳೆಯ ಕಸುಬು. ಒಂದು ಟಗರನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ನಡದ ಮೇಲೆ ಬೆನ್ನೆಲುಬಿನ ಪಕ್ಕ ಹೆಬ್ಬೆರಳೂರಿ ಒತ್ತಿ ನೋಡಿ, "ಇನ್ನೊಂದೀಟು ಬರ್ಬೇಕು," ಎಂದ.

ರೋಜಾಳ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. "ಅಪ್ಪಾ, ಒಣಗಿದ್ದನ್ನ ಯಾಕ ತರ್ತಿ? ಮೈ ತುಂಬಿದ್ದನ್ನ ತಂದ್ರ ಸರಳ ಅಲ್ಲ?"

"ಹುಚ್ಚಿ, ಮೈ ತುಂಬಿದ್ದು ಮತ್ತೇನು ತುಂಬ್ತತಿ? ಒಣಗಿದ ಮೈ ಹಿಂಡಿ ಕಂಡ್ರ ಎರಡರಷ್ಟು ಹಿಡೀತತಿ. ನಿನಗೇನು ಗೊತ್ತು, ನೀನು ಒಲಿ ಮುಂದ ಬೆಳೆದಾಕಿ. ಈ ಕೆಲಸದಾಗ ಪುಷ್ಪಿ ಕೈ ಭಾರಿ ಚಲೋ ಇತ್ತು. ಟಗರಿಗೆ ಮುದ್ದು ಮಾಡಿ ಮಾಡಿ ತಿನ್ನಸ್ತಿದ್ಲು."

ಅಪ್ಪ ನಕ್ಕ, ಮಗಳ ಮೇಲಿನ ಅಭಿಮಾನದಿಂದ. ರೋಜಾ ತನ್ನ ಸೊಂಟವನ್ನು ತಾನೇ ಮುಟ್ಟಿಕೊಂಡಳು. ಎದ್ದು ಹೋಗಿ ಉಳಿದ ಚಹಾವನ್ನು ಹಿತ್ತಲಲ್ಲಿ ಚೆಲ್ಲಿದಳು.

ಹರಪನಹಳ್ಳಿಗೆ ವಾಪಸು ಬಂದ ದಿನ ಅಕ್ಕ ಹೋಳಿಗೆ ಮಾಡಿಯೇ ಕಾದಿದ್ದಳು. ಆಸ್ಪತ್ರೆಗೆ ಹೋಗಿ ಬಂದ ಮೈ, ಎಲುಬು ಬೇರೆ ಎದ್ದಿತ್ತು. ರೋಜಾ ತಟ್ಟೆಯನ್ನು ಸರಿಸಿದಳು.

"ಅಕ್ಕಾ, ನಂಗ ಎರಡು ರೊಟ್ಟಿ, ಪಲ್ಯ ಸಾಕು. ನಾನ ಬಡ್ಕೊಂತೀನಿ. ನೀ ತುಪ್ಪ ಹಾಕೋದೂ ಬ್ಯಾಡ, ಆಮ್ಯಾಲೆ ಕಸ್ಕೊಳ್ಳೋದೂ ಬ್ಯಾಡ. ಮನಿ ಕೆಲಸ ಎಲ್ಲಾ ಮಾಡ್ತೀನಿ, ಕೇಂದ್ರದ ಕಸ ಬಳೀತೀನಿ. ಹೆಂಗದೀನೋ ಹಂಗ ಇರಾಕ ಬಿಡು. ಡಾಕ್ಟ್ರು ಹೇಳ್ಯಾರ, ಇನ್ನೊಮ್ಮೆ ಆದ್ರ ಸಾಯ್ತೀನಂತ."

ಪುಷ್ಪಲತಾ ತಂಗಿಯನ್ನು ನೋಡಿದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ರೋಜಾ ತಡೆದುಕೊಳ್ಳುತ್ತಿದ್ದಳು. ಮಾರಲು ಬಾರದ ಸರಕನ್ನು ನೋಡುವ ಹಾಗೆ ನೋಡಿ, ತಣ್ಣಗೆ ಕೇಳಿದಳು.

"ಒಂದ ತೂಕದಾಗ ಇರಾಕಿ ನಂಗ ಯಾತಕ್ಕಲೇ?"

ಸುಳ್ಳಾದರೂ ಒಂದು ಮಾತು ಹೇಳಬಹುದಿತ್ತಲ್ಲ! ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದಿದ್ದರೆ ರೋಜಾ ನಂಬಿಬಿಡುತ್ತಿದ್ದಳು. ಅಷ್ಟು ಮೂರ್ಖಳು ಅವಳು, ಅಷ್ಟು ಅಕ್ಕನವಳು. ಪುಷ್ಪಲತಾ ಅಷ್ಟು ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ತಟ್ಟೆಯ ಹೋಳಿಗೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಸಂಜೆಯೊಳಗೆ ರೋಜಾ ಬಟ್ಟೆಯ ಚೀಲ ಹಿಡಿದು ಆ ಕಡಿದಾದ ಮೆಟ್ಟಿಲು ಇಳಿದಳು.

ಹಗರಿಬೊಮ್ಮನಹಳ್ಳಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು, ಹಿಂದಿನ ಕೋಣೆಯಲ್ಲಿ ಮಲಗಲು ಜಾಗವೂ. ಮೊದಲ ತಿಂಗಳುಗಳು ನರಕ. ದಿನವಿಡೀ ಒಲೆಯ ಮುಂದೆ ಕುಳಿತು ಊರಿಗೆಲ್ಲ ಉಣಿಸುವವಳು ತಾನು ಮಾತ್ರ ಎರಡು ರೊಟ್ಟಿಗೆ ಕೈ ತೊಳೆಯಬೇಕು. ಒಮ್ಮೊಮ್ಮೆ ಹೆಚ್ಚು ತಿಂದು ಮರುದಿನ ಉಪವಾಸ ಬೀಳಬೇಕೆನ್ನಿಸುತ್ತಿತ್ತು. ಆದರೆ ಉಪವಾಸ ಬೀಳದೆ, ಹಟದಿಂದ, ಅದೇ ಎರಡು ರೊಟ್ಟಿ ತಿನ್ನುತ್ತಿದ್ದಳು. ಮೈ ಏರಲು ನೋಡಿತು, ಇಳಿಯಲು ನೋಡಿತು, ಕಡೆಗೆ ಸುಸ್ತಾಗಿ ಒಂದು ಕಡೆ ಕುಳಿತುಕೊಂಡಿತು. ಅದು ತೆಳ್ಳಗಿನ ಮೈಯೇನಲ್ಲ. ಗಿರಾಕಿಗಳು ಅವಳನ್ನು ದಪ್ಪಕ್ಕ ಎಂದೇ ಕರೆಯುತ್ತಿದ್ದರು. ಒಂದು ವರ್ಷ ಒಂದೇ ರವಿಕೆ ಒಂದೇ ಅಳತೆಗೆ ಬಂತು. ದಾವಣಗೆರೆಯ ವೈದ್ಯೆ ಎದೆಗೆ ಯಂತ್ರ ಹಚ್ಚಿ ನೋಡಿ, ತಾಳ ಸರಿಯಾಗಿದೆ ಎಂದರು. ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ.

ಆ ವರ್ಷದ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಪುಷ್ಪಲತಾ ಖಾನಾವಳಿಗೆ ಬಂದಳು. ತಂಗಿ ಇಲ್ಲಿರುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಕಂಡ ಮೇಲೆ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಜೊತೆಗೆ ತಂಬ್ರಹಳ್ಳಿ ಕಡೆಯ ಬಡ ಹೆಂಗಸೊಬ್ಬಳಿದ್ದಳು. ಹೆಸರು ಈರಕ್ಕ. ಕೂದಲು ತೆಳುವಾಗಿ, ಕೆನ್ನೆ ಒಳಗೆ ಹೋಗಿ, ರವಿಕೆ ಜೋಲಾಡುತ್ತಿತ್ತು. ಸಮಾವೇಶ ಮುಗಿಸಿಕೊಂಡು ಬಂದ ಮೈ ಅದು. ರೋಜಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪುಷ್ಪಲತಾ ಆ ಹೆಂಗಸಿನ ತಟ್ಟೆಗೆ ಬೆಣ್ಣೆ ಹಾಕಿಸಿದಳು, ಹೋಳಿಗೆ ತರಿಸಿದಳು, ಮುರಿದು ಮುರಿದು ಬಾಯಿಗಿಟ್ಟಳು.

ಅವಳು ಫೋನ್ ಬಂತೆಂದು ಹೊರಗೆ ಹೋದಾಗ ರೋಜಾ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಈರಕ್ಕನ ಎದುರು ಕುಳಿತಳು.

"ನಾ ಆಕಿ ತಂಗಿ. ನಿನ್ನಂಗ ನನ್ನೂ ಒಣಗಿಸಿ ಉಣಸ್ತಿದ್ಲು. ಈಗ ಉಣಿಸ್ತಾಳ, ದೀಪಾವಳಿಗೆ ನಿಲ್ಲಿಸ್ತಾಳ. ಎದ್ದು ಊರಿಗೆ ಹೋಗವ್ವಾ, ಸತ್ತು ಹೋಗ್ತಿ."

ಈರಕ್ಕ ಬಾಯಿಯ ತುತ್ತನ್ನು ನುಂಗಿ, ಇವಳ ಅಗಲವಾದ ಮೈಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ತಂಗಿ ಅಂದ್ರ ನೀವ ಏನು? ಹೇಳ್ಯಾರ ಬಿಡ್ರಿ ಅಕ್ಕಾರು, ಉಂಡ ಮನಿ ಮರ್ತಾಕಿ ಅಂತ. ನನ್ನ ಗಂಡ ಹೊಡ್ದು ಹೊರಗ ಹಾಕ್ಯಾನ್ರಿ, ಹಡದವ್ವ ಒಳಗ ಕರೀಲಿಲ್ಲ. ಈ ಜನ್ಮದಾಗ ನಂಗ ಕೈಯಾರೆ ಉಣಿಸಿದಾಕಿ ಆಕಿ ಒಬ್ಬಾಕೀನ. ಸತ್ರ ಸಾಯ್ತೀನಿ ತಗೋರಿ. ನಿಮಗ ಹೊಟ್ಟಿಕಿಚ್ಚು."

ಅಷ್ಟರಲ್ಲಿ ಪುಷ್ಪಲತಾ ಒಳಗೆ ಬಂದು, ತಂಗಿಯತ್ತ ನೋಡದೆ, ಈರಕ್ಕನ ಬೆನ್ನು ಸವರಿ, ಇನ್ನೊಂದು ತುತ್ತು ಮಾಡಿ ಅವಳ ಬಾಯಿಗಿಟ್ಟಳು. ಈರಕ್ಕ ಮಗುವಿನ ಹಾಗೆ ಕಣ್ಣು ಮುಚ್ಚಿ ಅಗಿದಳು. ರೋಜಾ ಒಲೆಯ ಮುಂದೆ ಹೋಗಿ ಕುಳಿತು ರೊಟ್ಟಿ ಬಡಿಯತೊಡಗಿದಳು. ಆ ಹೆಂಗಸು ಹೇಳಿದ್ದು ನಿಜವಾಗಿತ್ತು. ಅವಳಿಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.