ಮಿಸಾವೊ ಅಳೆಯದೆ ಯಾವ ಗಾಡಿಯೂ ಓಡದು

ಭಾನುವಾರ ಬೆಳಗಿನ ಐದೂವರೆ. ಜಪಾನಿನ ಶಿಮಿಜು ಬಂದರಿನ ಹಿಂದಿನ ಪೇಟೆಬೀದಿಯಲ್ಲಿ ಮೀನಿನ ಲಾರಿಗಳದ್ದೇ ಸದ್ದು. ಬೀದಿಯ ಕೊನೆಯ ಸಭಾಭವನದಲ್ಲಿ ಕುವಬಾರ ಮಿಸಾವೊ ಆಗಲೇ ಮೇಜು ಹಾಕಿಕೊಂಡು ಕೂತಿದ್ದಾರೆ. ಹೆಬ್ಬೆರಳಿನಷ್ಟೇ ದಪ್ಪದ ಮೋಟಾರಿನ ತುದಿಗೆ ಕಪ್ಪು ಬಿಲ್ಲೆ ಸಿಕ್ಕಿಸಿ, ಬಿಲ್ಲೆಯ ಅಂಚಿಗೆ ಅಕ್ಕಿಕಾಳಿನಷ್ಟು ಬಿಳಿ ಕಾಗದ ಅಂಟಿಸುತ್ತಾರೆ. ಕರೆಂಟು ಕೊಟ್ಟರೆ ಮೋಟಾರು ಜೀರುಂಡೆಯಂತೆ ಕಿರುಗುಟ್ಟುತ್ತದೆ. ಕೈಯಲ್ಲಿರುವ ಯಂತ್ರ ಅದರ ಮೇಲೆ ಬೆಳಕು ಬಿಟ್ಟು, ಬಿಳಿ ಚುಕ್ಕೆ ಎಷ್ಟು ಸಲ ಮಿನುಗಿತೆಂದು ಎಣಿಸುತ್ತದೆ.

"ಹದಿಮೂರು ಸಾವಿರದ ಇನ್ನೂರು. ನಿಮಿಷಕ್ಕೆ," ಎನ್ನುತ್ತಾರೆ. "ನನ್ನ ತಲೆ ಇಷ್ಟು ಸುತ್ತಿದ್ರೆ ಯಾವತ್ತೋ ಬಿದ್ದಿರ್ತಿದ್ದೆ!"

ಅಂಗೈಯಗಲದ ಆಟಿಕೆ ಕಾರುಗಳ ಪಂದ್ಯ ಇಲ್ಲಿ ತಿಂಗಳಿಗೊಮ್ಮೆ. ಎಂಟು ವರ್ಷದವರಿಂದ ಎಪ್ಪತ್ತು ದಾಟಿದವರವರೆಗೆ ಎಂಬತ್ತಕ್ಕೂ ಹೆಚ್ಚು ಮಂದಿ ಬರುತ್ತಾರೆ. ಮೋಟಾರು ನಿಮಿಷಕ್ಕೆ ಹದಿನೈದು ಸಾವಿರ ಸುತ್ತು ಮೀರಬಾರದು. ಒಂದೊಂದನ್ನೂ ಮೂರು ಸಲ ಅಳೆದು, ನಡುವಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಮುದ್ರೆ ಒತ್ತುವವರು ಮಿಸಾವೊ. ಅರವತ್ತಮೂರರ ಈಕೆ ಮೋಟಾರು ಕಾರ್ಖಾನೆಯ ತಪಾಸಣೆ ಸಾಲಿನಲ್ಲಿ ಇಪ್ಪತ್ತಾರು ವರ್ಷ ಕೂತವರು. ಅಲ್ಲಿ ದಿನಕ್ಕೆ ಒಂಬೈನೂರು ಮೋಟಾರು ಕೈದಾಟುತ್ತಿದ್ದವು. ಕುತ್ತಿಗೆ ಹಿಡಿದುಕೊಂಡಿದ್ದು ಅಲ್ಲೇ, ಕಿವಿ ಪಳಗಿದ್ದೂ ಅಲ್ಲೇ.

ಹೋದ ವರ್ಷದ ಶರತ್ಕಾಲದ ಪಂದ್ಯವನ್ನು ಇಲ್ಲಿ ಯಾರೂ ಮರೆತಿಲ್ಲ. ಬಸ್ ಓಡಿಸಿ ನಿವೃತ್ತರಾದ ತ್ಸುಜುಕಿ ಎಯ್ಕಿಚಿಯವರ ಮೋಟಾರು ಅಂದು ಹದಿನಾರು ಸಾವಿರದ ಎಂಟುನೂರು ತೋರಿಸಿತು. ನಿಯಮ ಅಂದರೆ ನಿಯಮ. ಪಂದ್ಯಕ್ಕಿಲ್ಲ ಎನ್ನುವ ಕೆಂಪು ಮುದ್ರೆಯನ್ನು ಮಿಸಾವೊ ಒತ್ತಿದರು.

"ಏನಜ್ಜಾ, ಜೋರಾಗಿ ಓಡ್ಲಿ ಅಂತ ಮೋಟಾರ್ ಬಿಚ್ಚಿ ಬೇರೆ ತಂತಿ ಸುತ್ತಿದ್ರಾ?" ಸಾಲಿನಲ್ಲಿದ್ದ ಯಾರೋ ಕಿಚಾಯಿಸಿದರು. ನಗು ಹರಡಿತು. ಎಯ್ಕಿಚಿ ತಲೆಬಾಗಿ ವಂದಿಸಿ, ಕಾರನ್ನು ಡಬ್ಬಿಯಲ್ಲಿಟ್ಟು ಬಾಗಿಲಿನತ್ತ ನಡೆದರು.

"ಅವರು ಹೋಗ್ತಿದ್ದ ರೀತಿ ನೋಡಿ ಚೀಟೀನ ಮತ್ತೊಮ್ಮೆ ನೋಡ್ದೆ," ಎನ್ನುತ್ತಾರೆ ಮಿಸಾವೊ. "ನಾನೇ ಬರೆದ ಅಂಕಿ. ಆದ್ರೆ ಒಳ್ಳೇ ಮೋಟಾರ್‌ನ ದನಿ ಅದು, ಕೈಯಾಡಿಸಿ ಕೆಡಿಸಿದ ಮೋಟಾರ್‌ನ ದನಿ ಅಲ್ಲ."

ಚೀಲದಿಂದ ಬೇರೊಂದು ಮೀಟರು ತೆಗೆದು, ಮೋಟಾರಿಗೆ ಕರೆಂಟು ಕೊಡುವ ತಮ್ಮ ಪೆಟ್ಟಿಗೆಗೇ ಹಚ್ಚಿದರು. ಪೆಟ್ಟಿಗೆಯ ತಿರುಗುಗುಂಡಿ ಎರಡು ಪಾಯಿಂಟ್ ನಾಲ್ಕು ವೋಲ್ಟ್ ಎನ್ನುತ್ತಿತ್ತು. ನಿಜವಾಗಿ ಹರಿಯುತ್ತಿದ್ದದ್ದು ಎರಡು ಪಾಯಿಂಟ್ ಏಳು. ಗುಂಡಿಯ ಸ್ಕ್ರೂ ಸಡಿಲವಾಗಿ ಜರುಗಿಬಿಟ್ಟಿತ್ತು. ವೋಲ್ಟೇಜು ಏರಿದರೆ ವೇಗವೂ ಏರುತ್ತದೆ. ಬೆಳಗಿನಿಂದ ಎಲ್ಲರ ಅಂಕಿಯೂ ಉಬ್ಬಿತ್ತು. ಉಳಿದವರದು ಮಿತಿಯೊಳಗೇ ಇದ್ದುದರಿಂದ ಯಾರೂ ಸೊಲ್ಲೆತ್ತಿರಲಿಲ್ಲ.

ಅವರು ನೇರವಾಗಿ ಮೈಕಿನ ಬಳಿ ಹೋದರು. "ತಪ್ಪು ನಂದು. ಪೆಟ್ಟಿಗೆ ಪರೀಕ್ಷೆ ಮಾಡದೆ ಅಳೆದೆ. ತ್ಸುಜುಕಿಯವರೇ, ದಯವಿಟ್ಟು ವಾಪಸ್ ಬನ್ನಿ. ಎಲ್ಲಾ ಮೋಟಾರ್ ಮತ್ತೆ ಅಳೀತೀನಿ."

ಎಂಬತ್ತನಾಲ್ಕು ಮೋಟಾರು. ಪಂದ್ಯ ಎರಡೂವರೆ ಗಂಟೆ ತಡವಾಯಿತು. ಗೊಣಗಿದವರಿದ್ದರು, ಸಂಘದ ಹಿರಿಯರೂ ಮುಖ ಗಂಟಿಕ್ಕಿದರು. ಮಿಸಾವೊ ಡಬ್ಬಿಯ ಅನ್ನದುಂಡೆಯನ್ನೂ ಮುಟ್ಟದೆ ಅಳೆದರು. ಎಯ್ಕಿಚಿಯವರ ಮೋಟಾರು ಹದಿನಾಲ್ಕು ಸಾವಿರದ ಒಂಬೈನೂರ ಮೂವತ್ತು! ಕಿಚಾಯಿಸಿದವನೇ ಮೊದಲು ಬಂದು ತಲೆಬಾಗಿದ. ಅಂದು ಎಯ್ಕಿಚಿ ಎರಡನೇ ಸ್ಥಾನ ಗೆದ್ದರು.

"ತಪ್ಪು ಮುಚ್ಚಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎನ್ನುತ್ತಾರೆ ಎಯ್ಕಿಚಿ. "ಮೂವತ್ತೆಂಟು ವರ್ಷ ಬಸ್ ಓಡಿಸ್ದೆ. ಅಂಥ ಧೈರ್ಯ ನಾನು ಕಂಡಿದ್ದು ಕಮ್ಮಿ."

ಆ ಮಾತು ಹೇಳಿದರೆ ಮಿಸಾವೊ ಕೈ ಆಡಿಸಿ ನಕ್ಕುಬಿಡುತ್ತಾರೆ. "ಈಗ ಸಾಲಲ್ಲಿ ಬರೋರು 'ಅಕ್ಕಾ, ವೋಲ್ಟ್ ಎಷ್ಟಿದೆ, ತೋರಿಸಿ' ಅಂತಾರೆ. ಪುಟ್ಟ ಮಕ್ಕಳೂ ಕೇಳ್ತಾರೆ. ಕೇಳ್ಲಿ. ನನ್ನನ್ನ ನಂಬಿ ಸುಮ್ನೆ ಹೋಗೋದಕ್ಕಿಂತ, ಕೇಳಿ ನೋಡ್ಕೊಂಡು ಹೋದ್ರೆ ನಂಗೆ ಹೆಮ್ಮೆ."