ಮಾವನ ಸ್ವರವಿದ್ದ ಮೂರು ಫ್ಲಾಪಿ

ಅತ್ತೆ ತಂದ ಫ್ಲಾಪಿಗಳಿಗೆ ಹೊಗೆಯ ವಾಸನೆ ಇತ್ತು. ಆಗ ನಾನು ಶಿರಸಿಯ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ತರಗತಿಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಬಿಡುವಿದ್ದಾಗ ಜನರ ಹಳೆಯ ಫ್ಲಾಪಿಗಳನ್ನು ಸಿ.ಡಿ.ಗೆ ಇಳಿಸಿಕೊಡುತ್ತಿದ್ದೆ. ಅತ್ತೆ ಎಂದರೆ ಅಪ್ಪನ ಅಕ್ಕ. ಅವರ ಗಂಡ, ನನ್ನ ಮಾವ, ತೀರಿಕೊಂಡು ವರ್ಷಗಳಾಗಿದ್ದವು. ತೊಂಬತ್ತರ ದಶಕದಲ್ಲಿ ಸಿದ್ದಾಪುರದ ಆಸುಪಾಸಿನಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇರದಿದ್ದಾಗ ಮಾವ ಒಂದನ್ನು ತಂದು, ಅದಕ್ಕೆ ಮೈಕು ಸಿಕ್ಕಿಸಿ, ತಮ್ಮ ಸ್ವರವನ್ನೇ ಹಿಡಿದಿಟ್ಟಿದ್ದರು. ಒಂದು ಫ್ಲಾಪಿಯಲ್ಲಿ ಹಿಡಿಯದ್ದರಿಂದ ಫೈಲನ್ನು ಕುಗ್ಗಿಸಿ, ಮೂರು ತುಂಡು ಮಾಡಿ ಮೂರರಲ್ಲಿ ತುಂಬಿದ್ದರು. ಅವರ ಸ್ವರ ಬೇರೆಲ್ಲೂ ಉಳಿದಿರಲಿಲ್ಲ.

"ಈಗೀಗ ನೆನಪು ಮಾಡ್ಕಂಡ್ರೂ ಸ್ವರ ಬತ್ತಿಲ್ಲೆ," ಎಂದರು ಅತ್ತೆ. "ಮುಖ ಬತ್ತು, ಬಾಯಿ ಆಡ್ತು. ಸ್ವರ ಇಲ್ಲೆ."

"ಇದನ್ನ ಎಲ್ಲಿ ಇಟ್ಟಿದ್ರಿ ಅತ್ತೆ?"

"ಅಡಿಕೆ ಬೇಯಿಸೋ ಒಲೆ ಮೇಲಿನ ಅಟ್ಟದಲ್ಲಿ. ಬೂಸ್ಟು ಹಿಡೀದು ಬ್ಯಾಡ ಹೇಳಿ. ಅಲ್ಲಿ ಏಲಕ್ಕಿ ಕೆಡ್ತಿಲ್ಲೆ, ಬೀಜ ಕೆಡ್ತಿಲ್ಲೆ. ಇದು ಎಂತಕ್ಕೆ ಕೆಡ್ತು?"

ಏಲಕ್ಕಿಗೂ ಪ್ಲಾಸ್ಟಿಕ್ಕಿಗೂ ಇರುವ ವ್ಯತ್ಯಾಸವನ್ನು ನಾನು ವಿವರಿಸತೊಡಗಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಚಟ ಅದು.

"ವಾದ ಆಮೇಲೆ ಮಾಡು ಕೂಸೆ. ಮೊದಲು ಮಾವನ್ನ ಹೊರಗೆ ತೆಗಿ."

ಮೊದಲ ಎರಡು ಫ್ಲಾಪಿ ಓದಿಕೊಂಡವು. ಮೂರನೆಯದು ಕರಕರ ಎಂದು ಕೆರೆದು ನಿಂತುಹೋಯಿತು, ಶಾಖಕ್ಕೆ ಸೊಟ್ಟಗಾಗಿತ್ತು. ಕೊನೆಯ ತುಂಡು ಹೋದರೆ ಹೋಗಲಿ ಎಂದು ಸಿಕ್ಕ ಎರಡನ್ನೇ ಜೋಡಿಸಿ, ಕುಗ್ಗಿಸಿದ್ದನ್ನು ಬಿಡಿಸಿ, ಎದ್ದುನಿಂತು ಸ್ಪೀಕರಿನ ತಂತಿ ಸರಿಮಾಡಿದೆ. ಗರಗರ ಸದ್ದು, ಕೆಮ್ಮು, ಆಮೇಲೆ ಸ್ವರ.

"ಯಾರು ಬಂದದ್ದು?"

ಮೌನ. ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ, ಮನೆಯಲ್ಲಿ ಒಳಗಿನಿಂದ ಹೇಳುವ ಹಾಗೆಯೇ ಹೇಳಿದರು: "ತಮ್ಮನ ಮಗಳು."

"ಹೌದಾ. ಕೂತ್ಕಂಬಲೆ ಹೇಳು."

ನಾನು ನಿಂತೇ ಇದ್ದೆ. ಮಾವ ಅಷ್ಟರಲ್ಲಿ ಮತ್ತೇನೋ ಹೇಳಲು ಹೊರಟು, ಅರ್ಧ ಶಬ್ದಕ್ಕೆ ಕಡಿದುಹೋದರು.

ಇದರಲ್ಲಿ ವಿಶೇಷವೇನೂ ಇಲ್ಲ, ಎಂದೆ. ಸ್ವರ ಹಿಡಿದಿಟ್ಟ ದಿನ ಯಾರೋ ಬಂದಿರಬೇಕು, ನೀವು ಅಡುಗೆಮನೆಯಿಂದ ಉತ್ತರ ಕೊಟ್ಟಿರಬೇಕು, ಅಗ್ಗದ ಮೈಕಿಗೆ ಅದು ಕೇಳಿಸಿಲ್ಲ. ಯಾರು ಬಂದರೂ ಕೂರಲು ಹೇಳುವುದು ನಮ್ಮ ಕಡೆಯ ರೂಢಿ. ಯಾವ ಉತ್ತರಕ್ಕೂ ಆ ಮಾತು ಹೊಂದುತ್ತದೆ.

"ಆವತ್ತು ಯಾರು ಬಂದಿದ್ರು?"

"ಅದೇ ನೆನಪಾಗ್ತಿಲ್ಲೆ," ಎಂದರು ಅತ್ತೆ.

ಮತ್ತೊಮ್ಮೆ ಹಾಕುತ್ತೇನೆ, ಈ ಸಲ ನೀವು ಮಾತಾಡಬೇಡಿ, ಎಂದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪ್ರಶ್ನೆ, ಮೌನ, ಅದೇ ಉತ್ತರ. "ನೋಡಿದ್ರಾ?" ಎಂದೆ.

"ನೋಡ್ದೆ. ಈ ಸರ್ತಿ ಕಾದ್ರು."

ಕಾಯಲಿಲ್ಲ. ಫೈಲಿನ ಉದ್ದ ಒಂದೇ, ಅದನ್ನು ಪರದೆಯ ಮೇಲೇ ತೋರಿಸಿದೆ. ಆದರೆ ಆ ಮೌನ ನನಗೂ ಉದ್ದವೆನಿಸಿತ್ತು.

"ಸ್ವರ ಅವರದ್ದೇ. ಸಾಕು ಕೂಸೆ. ಆ ಸಿ.ಡಿ. ಪ್ಲೇಟು ಮಾಡಿಕೊಡು," ಎಂದು ಅತ್ತೆ ಸಿದ್ದಾಪುರದ ಬಸ್ಸಿಗೆ ಹೊರಟರು.

ಮಧ್ಯಾಹ್ನ ತರಗತಿ ಖಾಲಿ. ಹೊರಗೆ ಯಲ್ಲಾಪುರದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಸಿ.ಡಿ. ಬರೆದಾದ ಮೇಲೆ ಒಮ್ಮೆ ಕೇಳಿ ನೋಡುವುದು ನನ್ನ ಕೆಲಸದ ಕ್ರಮ. ಹಾಕಿದೆ.

"ಯಾರು ಬಂದದ್ದು?"

ನಾನು ಏನು ಹೇಳಿದರೂ ಫೈಲು ಬದಲಾಗುವುದಿಲ್ಲ, ಏನೂ ಹೇಳದಿದ್ದರೂ ಬದಲಾಗುವುದಿಲ್ಲ. ಇದಕ್ಕೆ ಪ್ರತಿವಾದವೇ ಇಲ್ಲ. ಆದರೂ ಆ ಮೌನವನ್ನು ಖಾಲಿ ಬಿಡಲು ನನ್ನಿಂದ ಆಗಲಿಲ್ಲ.

"ಯಾರೂ ಇಲ್ಲೆ ಮಾವ," ಎಂದೆ. "ನಾನೊಬ್ಬಳೇ."

"ಹೌದಾ. ಕೂತ್ಕಂಬಲೆ ಹೇಳು."

ನಾನು ಕೂತೇ ಇದ್ದೆ; ಕೂರಲು ಹೇಳಬೇಕಾದವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ಎದ್ದುಹೋದ ಕುರ್ಚಿ ಪಕ್ಕದಲ್ಲಿ ನನ್ನ ಕಡೆಗೇ ತಿರುಗಿಕೊಂಡಿತ್ತು. ಸಿ.ಡಿ. ಹೊರತೆಗೆದು, ಲಕೋಟೆಗೆ ಹಾಕಿ, ಮೇಲೆ ಅತ್ತೆಯ ಹೆಸರು ಬರೆದೆ. ಅಷ್ಟು ಹೊತ್ತೂ ಆ ಕುರ್ಚಿಯನ್ನು ಮುಟ್ಟಲಿಲ್ಲ.